ಪಟ್ಟಿ ಕಟ್ಟುವ ಅಕ್ಕ

ಓಣಿಯ ಬಾಯಿಗೆ ಬಂದವಳಿಗೆ ಹಿಂದಿರುಗಿ ಹೋಗಿಬಿಡೋಣ ಎನ್ನಿಸಿತು. ಕಾರಣವೇನೂ ಹೊಳೆಯಲಿಲ್ಲ. ಹೆಗಲ ಚೀಲದಲ್ಲಿ ರಕ್ತದೊತ್ತಡ ನೋಡುವ ಯಂತ್ರವಿತ್ತು, ಪ್ರಶ್ನೆಗಳು ತುಂಬಿದ ಟ್ಯಾಬ್ ಇತ್ತು, ಕೊರಳಲ್ಲಿ ಗುರುತಿನ ಚೀಟಿ ನೇತಾಡುತ್ತಿತ್ತು. ಮರೆತು ಬಂದದ್ದು ಏನೂ ಇರಲಿಲ್ಲ. ಆದರೂ ಏನನ್ನೋ ಮನೆಯಲ್ಲೇ ಬಿಟ್ಟು ಬಂದ ಹಾಗೆ ಕೈ ಪದೇ ಪದೇ ಚೀಲದ ಜಿಪ್ಪಿನ ಮೇಲೆ ಹೋಗುತ್ತಿತ್ತು. ಬೆಳಿಗ್ಗೆ ತಿಂಡಿ ಬಡಿಸುತ್ತ ಅತ್ತಿಗೆ, "ಇವತ್ತು ಯಾರ ಮನೆ ಬಾಗಿಲು ತಟ್ಟೋದು?" ಎಂದು ಕೇಳಿದ್ದಳು. ಆ ಮಾತಿನಲ್ಲಿ ಕೊಂಕಿತ್ತೋ, ಸುಮ್ಮನೆ ಏನಾದರೂ ಕೇಳಬೇಕೆಂದು ಕೇಳಿದಳೋ ಎಂದು ಬಸ್ಸಿನ ದಾರಿಯುದ್ದಕ್ಕೂ ಯೋಚಿಸಿದ್ದಳು. ಅಣ್ಣನ ಮನೆಯಲ್ಲಿ ಇರಬೇಕಾಗಿ ಬಂದವಳಿಗೆ ಇಂಥ ಮಾತುಗಳನ್ನು ತಿರುವಿ ಮುರುವಿ ನೋಡುವುದು ಚಟವೇ ಆಗಿಬಿಟ್ಟಿತ್ತು. ಈಗ ನೋಡಿದರೆ ಒಂದು ಬಾಗಿಲನ್ನೂ ತಟ್ಟುವ ಅಗತ್ಯವಿರಲಿಲ್ಲ. ಜನ ಆಗಲೇ ಹೊರಗೆ ಬಂದು ಕೂತಿದ್ದರು. ನಲ್ಲಿಯ ಕಟ್ಟೆಯ ಮೇಲೆ, ಮೆಟ್ಟಿಲುಗಳ ಮೇಲೆ, ಮಗುಚಿ ಹಾಕಿದ ಬಕೆಟ್ಟುಗಳ ಮೇಲೆ ಕೂತವರು ತಲೆ ಬಾಚಿಕೊಂಡಿದ್ದರು, ಒಗೆದ ಬಟ್ಟೆ ಹಾಕಿಕೊಂಡಿದ್ದರು. ಅವಳಿಗೆಂದು ಒಂದು ಪ್ಲಾಸ್ಟಿಕ್ ಕುರ್ಚಿಯನ್ನು ಒರೆಸಿ ನೆರಳಿನಲ್ಲಿ ಇಟ್ಟಿದ್ದರು.

"ಪಟ್ಟಿ ಅಕ್ಕ ಬಂದ್ರು!" ಎಂದು ಯಾವುದೋ ಮಗು ಕೂಗಿತು.

ಆ ಹೆಸರು ಬಿದ್ದದ್ದು ಕೆಲವು ತಿಂಗಳ ಹಿಂದೆ, ಸಮೀಕ್ಷೆಯ ಮೊದಲ ಸುತ್ತಿನಲ್ಲಿ; ಇವತ್ತಿನದು ಎರಡನೆಯದು. ಬಡವರು ಇರುವ ಕಡೆ ಯಾರಿಗೆ ಏನು ಕಾಯಿಲೆ, ಯಾರು ಏನು ಉಣ್ಣುತ್ತಾರೆ, ಎಲ್ಲಿ ಮಲಗುತ್ತಾರೆ ಎಂದು ಕೇಳಿಕೊಂಡು ಹೋಗುವ ಕೆಲಸ. ಆಗ ಅವಳು ಮನೆಗಳ ಪಟ್ಟಿ ಹಿಡಿದು ಬಂದಿದ್ದಳು. ಪಟ್ಟಿಯಲ್ಲಿದ್ದವರು ಮನೆ ಕೆಡವುವುದಕ್ಕೆ ಬಂದವಳೆಂದು ಹೆದರಿದರು. ಇಲ್ಲದವರು ತಮಗೆ ಬರಬೇಕಾದ್ದೇನೋ ತಪ್ಪಿಹೋಯಿತೆಂದು ಜಗಳಕ್ಕೆ ನಿಂತರು. ಒಬ್ಬಾಕೆ ಅವಳ ಮುಖಕ್ಕೇ ಬಾಗಿಲು ಹಾಕಿ, ಒಳಗಿನಿಂದ, "ಮನೇಲಿ ಯಾರೂ ಇಲ್ಲ" ಎಂದಿದ್ದಳು. ಆದರೆ ವಾರ ಕಳೆಯುವಷ್ಟರಲ್ಲಿ ಜನರ ಬಾಯಲ್ಲಿ ಆ ಪಟ್ಟಿ ಹೋಗಿ, ತೋಳಿಗೆ ಸುತ್ತಿ ಗಾಳಿ ತುಂಬಿಸುವ ಪಟ್ಟಿ ಬಂತು. ಬಾಗಿಲುಗಳು ತಾವಾಗಿಯೇ ತೆರೆದುಕೊಂಡವು. ತೆರೆಸಿದವನು ಚಾವಿಯವನು. ಅವನು ಓಣಿಯ ತಿರುವಿನಲ್ಲಿ ತಗಡಿನ ಪೆಟ್ಟಿಗೆಯಂಥ ಅಂಗಡಿ ಇಟ್ಟುಕೊಂಡು, ಕಳೆದುಹೋದ ಚಾವಿಗಳ ಬದಲಿಗೆ ಅರದಿಂದ ಉಜ್ಜಿ ಉಜ್ಜಿ ಹೊಸದು ಮಾಡಿಕೊಡುತ್ತಿದ್ದ. ಮೊದಲ ದಿನ ಅವನೆದುರು ಕೂತು ಅವಳು ಒಪ್ಪಿಗೆಯ ಮಾತನ್ನು ಓದಿದ್ದಳು: ಈ ಸಮೀಕ್ಷೆಯಲ್ಲಿ ಭಾಗವಹಿಸುವುದರಿಂದ ತಮಗೆ ನೇರವಾದ ಪ್ರಯೋಜನವಿರುವುದಿಲ್ಲ, ಭಾಗವಹಿಸುವುದು ಬಿಡುವುದು ತಮ್ಮ ಇಚ್ಛೆ. ಬಸ್ಸಿನ ಕಂಡಕ್ಟರ್ ನಿಲ್ದಾಣಗಳ ಹೆಸರು ಕೂಗುವ ಹಾಗೆ, ಉಸಿರು ಬಿಡದೆ. ಅವನು ಅರ ಕೆಳಗಿಟ್ಟು, "ಆಯ್ತು ಆಯ್ತು, ಕೇಳಿ. ನಾನು ಚಾವಿ ಮಾಡೋವಾಗ ಬೀಗ ಯಾರದ್ದು ಅಂತ ಕೂಡ ಕೇಳಲ್ಲ. ನೀವು ನಾನು ಕಕ್ಕಸ್ಸಿಗೆ ಎಲ್ಲಿ ಹೋಗ್ತೀನಿ ಅಂತ ಕೇಳ್ತೀರಿ!" ಎಂದು ನಕ್ಕಿದ್ದ. ಪಟ್ಟಿ ಕಟ್ಟಿ ನೋಡಿದರೆ ಒತ್ತಡ ಸಿಕ್ಕಾಪಟ್ಟೆ ಏರಿತ್ತು. ನಿಯಮದಂತೆ ಅವಳು ಅದನ್ನು ಹೇಳಿದಳು, ಆಸ್ಪತ್ರೆಗೆ ಹೋಗಿ ಎಂಬ ಚೀಟಿ ಕೊಟ್ಟಳು. ಅಲ್ಲಿಗೆ ಅವಳ ಕೆಲಸ ಮುಗಿದಿತ್ತು. ಮರುದಿನ ಅವನೇ ಅವಳನ್ನು ಹುಡುಕಿಕೊಂಡು ಬಂದ. "ಅಕ್ಕ, ನೀವು ನಿನ್ನೆ ಕಟ್ಟಿದ್ರಲ್ಲ, ರಾತ್ರಿಯೆಲ್ಲ ತಲೆ ಹತ್ತಿ ಥರ ಹಗುರ. ಇನ್ನೊಂದು ಸಲ ಕಟ್ಟಿ."

ಪಟ್ಟಿ ಬರೀ ಅಳೆಯುವುದು, ಔಷಧಿಯಲ್ಲ ಎಂದು ಅವಳು ಆಗಲೇ ಹೇಳಬೇಕಿತ್ತು. ಹೇಳಲಿಕ್ಕೆ ಬಾಯಿಯನ್ನೂ ತೆರೆದಿದ್ದಳು. ಆದರೆ ಅದು, ಮನೆಯಲ್ಲಿ ಯಾರೂ ಇಲ್ಲ ಎಂದವಳ ಬಾಗಿಲಿನಿಂದ ಅವಮಾನ ನುಂಗಿಕೊಂಡು ಬಂದ ಗಳಿಗೆ. ಒಬ್ಬ ಮನುಷ್ಯ ತಾನಾಗಿಯೇ ಬಂದು ಕೈ ಚಾಚಿದ್ದ. ಕಟ್ಟಿದಳು. ಗಾಳಿ ತುಂಬಿ ಪಟ್ಟಿ ಬಿಗಿಯಾಗುವಾಗ ಅವನು ಕಣ್ಣು ಮುಚ್ಚಿಕೊಂಡ. ಪಟ್ಟಿ ಉಸಿರು ಬಿಟ್ಟು ಸಡಿಲವಾದಾಗ ಅವನೂ ಉಸಿರು ಬಿಟ್ಟ. ಅವತ್ತೇ ಅವನು ಆ ಹೆಂಗಸಿನ ಬಾಗಿಲ ಮುಂದೆ ನಿಂತು, "ತೆಗಿಯಮ್ಮ, ಕಟ್ಟಿಸ್ಕೋ. ಒಳಗಿನ ಬಿಸಿಯೆಲ್ಲ ಎಳ್ಕೊಂಡು ಬಿಡುತ್ತೆ" ಎಂದು ಕೂಗಿದ. ಒಂದು ಬಾಗಿಲು ತೆರೆಯಿತು, ಆಮೇಲೆ ಇನ್ನೊಂದು. ಒಂದು ಮನೆಯೂ ಬೇಡವೆನ್ನದ ಓಣಿ ಇದೊಂದೇ ಎಂದು ಮೇಲ್ವಿಚಾರಕರು ಎಲ್ಲರೆದುರು ಹೇಳಿ, "ಜನರ ವಿಶ್ವಾಸ ಗಳಿಸೋದು ಅಂದ್ರೆ ಇದು" ಎಂದರು. ಉಳಿದವರು ತಿರುಗಿ ಅವಳನ್ನು ನೋಡಿದರು. ಸಂಜೆ ಆ ಮಾತನ್ನು ಅಣ್ಣನೆದುರು ಹೇಳಿದಾಗ ಅವನು ಟೀವಿಯಿಂದ ಮುಖ ತಿರುಗಿಸಿ, "ಪರವಾಗಿಲ್ವೇ" ಎಂದಿದ್ದ. ಆ ಒಂದು ಪರವಾಗಿಲ್ವೇ ಎಷ್ಟು ದಿನ ಅವಳೊಳಗೆ ಬೆಚ್ಚಗೆ ಕೂತಿತ್ತು! ಚಾವಿಯವನು ದಿನಾ ಬಂದ, ಅವಳು ದಿನಾ ಕಟ್ಟಿದಳು. ಒಂದು ಮಧ್ಯಾಹ್ನ ಅವಳು ಯಾರದೋ ಮನೆಯ ಹೊಸಿಲಲ್ಲಿ ಕೂತು, ಬಾಣಂತಿಯೊಬ್ಬಳನ್ನು ಪ್ರಶ್ನೆ ಕೇಳುತ್ತಿದ್ದಾಗ ಅವನು ಹಿಂದಿನಿಂದ, "ನಿಮ್ಮ ಚೀಟಿ ನೋಡಿ ಆಸ್ಪತ್ರೇಲಿ ಕೊಟ್ರಲ್ಲ, ಆ ಬಿಳೀ ಮಾತ್ರೆ ನಿಲ್ಲಿಸ್ಬಿಟ್ಟೆ ಅಕ್ಕ. ನುಂಗಿದ್ರೆ ಬಾಯೆಲ್ಲ ಒಣಗೋದು. ನಿಮ್ಮ ಪಟ್ಟಿ ಸಾಕು ನಂಗೆ" ಎಂದಿದ್ದ. ಟ್ಯಾಬಿನ ಪರದೆ ಉತ್ತರಕ್ಕೆ ಕಾಯುತ್ತಿತ್ತು, ಬಾಣಂತಿಯ ಕೂಸು ಅಳುತ್ತಿತ್ತು. ಅವಳು, "ಬಿಡಬಾರದು ಅಣ್ಣ, ಮಾತ್ರೆ ಬಿಡಬಾರದು" ಎಂದಿದ್ದಳು. ಅಥವಾ ಹೇಳಬೇಕೆಂದುಕೊಂಡಿದ್ದಳು. ಹೇಳಿದ ಧ್ವನಿ ಕಿವಿಯಲ್ಲಿತ್ತು. ಆದರೆ ಅದು ಬಾಯಿಯಿಂದ ಹೊರಬಿದ್ದ ಧ್ವನಿಯೋ, ತಲೆಯೊಳಗೇ ಉಳಿದದ್ದೋ ಎಷ್ಟು ಕೆದಕಿದರೂ ತಿಳಿಯುತ್ತಿರಲಿಲ್ಲ. ಅವನು ನಕ್ಕದ್ದು ಮಾತ್ರ ಸ್ಪಷ್ಟವಾಗಿ ನೆನಪಿತ್ತು. ಆಮೇಲೆ ಸುತ್ತು ಮುಗಿದು ಅವಳು ಓಣಿಗೆ ಬರುವುದು ನಿಂತಿತ್ತು.

ಕುರ್ಚಿಯಲ್ಲಿ ಕೂರದೆ ಅವಳು ತಿರುವಿನತ್ತ ನೋಡಿದಳು. ತಗಡಿನ ಪೆಟ್ಟಿಗೆ ಮುಚ್ಚಿತ್ತು. ಅದರ ಮೇಲೆ ಯಾರೋ ಕಂಬಳಿ ಒಣಹಾಕಿದ್ದರು.

"ಚಾವಿ ಅಣ್ಣ ಎಲ್ಲಿ?" ಎಂದಳು.

ಉತ್ತರ ಕೊಟ್ಟದ್ದು ರೇಡಿಯೋ ಅಜ್ಜಿ. ಓಣಿಯ ಸುದ್ದಿಯೆಲ್ಲ ಅವಳ ಬಾಯಿಂದಲೇ ಹೊರಡುತ್ತಿದ್ದುದರಿಂದ ಆ ಹೆಸರು. "ಬಿದ್ದ" ಎಂದಳು ಅಜ್ಜಿ. "ಬಲಗಡೆ ಪೂರ್ತಿ ಹೋಯ್ತು. ಮಾತೂ ಇಲ್ಲ."

"ಯಾವಾಗ?"

"ನೀನು ಬರೋದು ನಿಲ್ಲಿಸಿದ ಮೇಲೆ. ದಿನಾ ಕಟ್ಟಿಸ್ಕೊಳ್ತಿದ್ದೋನಿಗೆ ಒಂದೇ ಸಲ ನಿಲ್ಲಿಸಿದ್ರೆ ಮೈ ತಡ್ಕೊಳ್ಳುತ್ತಾ, ಮಗಳೇ? ನಾವೂ ಕಾದ್ವಿ ಕಾದ್ವಿ. ನಂಗೂ ಎರಡು ಸಲ ಕಣ್ಣು ಕತ್ತಲೆ ಬಂತು."

ನಲ್ಲಿಯ ಕಟ್ಟೆಯ ಮೇಲಿದ್ದವನೊಬ್ಬ, "ಹೇಳಿಯಾದ್ರೂ ಹೋಗ್ಬೇಕಿತ್ತು" ಎಂದ. ಯಾರೂ ಸಿಟ್ಟಾಗಿರಲಿಲ್ಲ. ತಡವಾಗಿ ಬಂದ ಮನೆಯ ಮಗಳನ್ನು ಆಕ್ಷೇಪಿಸುವಂಥ ಧ್ವನಿ ಅದು. ಅವಳು ಕುರ್ಚಿಯ ಬೆನ್ನು ಹಿಡಿದುಕೊಂಡಳು. ತಾನು ಮಾಡಿದ್ದಕ್ಕೆ ಯಾರಾದರೂ ಬೈದಿದ್ದರೆ ತಲೆ ತಗ್ಗಿಸಿ ನಿಲ್ಲಬಹುದಿತ್ತು. ಇವರು ಅವಳು ಬಂದು ಕಟ್ಟದೆ ಹೋದದ್ದಕ್ಕೆ ಆಕ್ಷೇಪಿಸುತ್ತಿದ್ದರು. ತಪ್ಪಿನ ಜಾಗದಲ್ಲಿ ಬೇರೊಂದು ತಪ್ಪನ್ನು ತಂದಿಟ್ಟು, ಅದನ್ನೂ ಆಗಲೇ ಕ್ಷಮಿಸಿಬಿಟ್ಟಿದ್ದರು.

"ನೋಡಿ," ಎಂದಳು. ಧ್ವನಿ ತನ್ನದಲ್ಲವೆನ್ನಿಸಿತು. "ಎಲ್ಲರೂ ಸ್ವಲ್ಪ ಕೇಳಿ. ಈ ಪಟ್ಟಿ ಔಷಧಿ ಅಲ್ಲ. ಇದು ಒತ್ತಡ ಎಷ್ಟಿದೆ ಅಂತ ನೋಡುತ್ತೆ, ಅಷ್ಟೇ. ಇದರಿಂದ ಏನೂ ಕಡಿಮೆ ಆಗಲ್ಲ. ಮಾತ್ರೆ ತಗೋಬೇಕು. ಆಸ್ಪತ್ರೆಗೆ ಹೋಗ್ಬೇಕು. ನಾನು ಮೊದಲೇ ಹೇಳಬೇಕಿತ್ತು."

ಜನ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ರೇಡಿಯೋ ಅಜ್ಜಿ ಪಕ್ಕದವಳತ್ತ ವಾಲಿ, ಎಲ್ಲರಿಗೂ ಕೇಳುವ ಹಾಗೆ, "ಮೇಲಿನೋರು ಹಾಗೆ ಹೇಳು ಅಂತ ಹೇಳಿರ್ತಾರೆ. ಇಲ್ದಿದ್ರೆ ಎಲ್ಲರೂ ಕಟ್ಟು ಕಟ್ಟು ಅಂತ ಮುಗಿಬೀಳ್ತಾರಲ್ಲ" ಎಂದಳು. ಪಕ್ಕದವಳು ಅರ್ಥವಾಯಿತೆಂಬಂತೆ ತಲೆಯಾಡಿಸಿದಳು. ಅಜ್ಜಿ ಪಟ್ಟಿ ಅಕ್ಕನತ್ತ ತಿರುಗಿ ಕಣ್ಣು ಮಿಟುಕಿಸಿ, "ಆಯ್ತು ತಾಯಿ, ಔಷಧಿ ಅಲ್ಲ. ಮೊದಲು ಅವನಿಗೆ ಕಟ್ಟಿ ಬಾ. ನಾವು ಕಾಯ್ತೀವಿ" ಎಂದಳು.

ಚಾವಿಯವನ ಮನೆ ಓಣಿಯ ಕೊನೆಯಲ್ಲಿ, ಚರಂಡಿ ತಿರುಗುವ ಕಡೆ. ಒಂದೇ ಕೋಣೆ. ಹೊರಗಿನ ಬಿಸಿಲಿನಿಂದ ಒಳಗೆ ಬಂದವಳಿಗೆ ಮೊದಲು ಏನೂ ಕಾಣಲಿಲ್ಲ. ನೋವಿನೆಣ್ಣೆಯ ವಾಸನೆ, ಒದ್ದೆ ಬಟ್ಟೆಯ ವಾಸನೆ, ಅದರಡಿಯಲ್ಲಿ ಮೂತ್ರದ್ದು. ಆಮೇಲೆ ಗೋಡೆಗೆ ಒತ್ತಿ ಹಾಕಿದ ಮಂಚ, ಅದರ ಮೇಲೆ ದಿಂಬಿಗೆ ಒರಗಿಸಿದ ಮನುಷ್ಯ. ಅವನ ಮುಖದ ಒಂದು ಪಾಲು ಜಾರಿ ಕೆಳಗೆ ನಿಂತಿತ್ತು. ಅವಳನ್ನು ಕಂಡದ್ದೇ ಇನ್ನೊಂದು ಪಾಲು ಅರಳಿತು. ಗಂಟಲಿನಿಂದ ಒಂದು ಸದ್ದು ಬಂತು. ಎಡಗೈ ಹೊದಿಕೆಯ ಕೆಳಗಿನಿಂದ ಹೊರಬಂದು ಅವಳ ಕಡೆಗೆ ಚಾಚಿತು, ಅಂಗೈ ಮೇಲೆ ಮಾಡಿ. ಪಟ್ಟಿ ಕಟ್ಟುವಾಗ ಕೈ ಹೇಗಿಡಬೇಕೆಂದು ಅವಳೇ ಕಲಿಸಿದ್ದ ಭಂಗಿ.

"ನಿಮ್ಮ ದನಿ ಕೇಳಿದಾಗಿಂದ ಹೀಗೇ ಚಡಪಡಿಸ್ತಿದ್ದಾರೆ" ಎಂದಳು ಹೆಂಡತಿ. ಮೂಲೆಯಲ್ಲಿ ಬಟ್ಟೆ ಮಡಚುತ್ತಿದ್ದವಳು ಎದ್ದು ಬಂದು, ಅವಳಿಗೊಂದು ಸ್ಟೂಲು ಎಳೆದು ಹಾಕಿದಳು. "ಕೂತ್ಕೊಳ್ಳಿ ಅಕ್ಕ."

ಕೂತಳು. ಪಟ್ಟಿಯನ್ನು ತೆಗೆದು ಕಟ್ಟಿದಳು. ಕೈಗೆ ಗೊತ್ತಿದ್ದ ಕೆಲಸ ಅದೊಂದೇ. ಯಂತ್ರ ಗುಂಯ್‌ಗುಟ್ಟಿತು. ಅವನು ಕಣ್ಣು ಮುಚ್ಚಿದ. ಒಂದು ಕಣ್ಣು ಪೂರ್ತಿ ಮುಚ್ಚಲಿಲ್ಲ, ಅದರ ಬಿಳಿ ಕಾಣುತ್ತಿತ್ತು. ಪರದೆಯ ಮೇಲೆ ಮೂಡಿದ ಅಂಕಿ ಮೊದಲ ದಿನದ್ದಕ್ಕಿಂತ ಹೆಚ್ಚಿತ್ತು. ಅವಳು ಪರದೆಯನ್ನು ತನ್ನ ಕಡೆಗೆ ತಿರುಗಿಸಿಕೊಂಡಳು. ಯಾರಿಂದ ಬಚ್ಚಿಡುತ್ತಿದ್ದೇನೆ ಎಂದು ಅವಳಿಗೇ ತಿಳಿಯಲಿಲ್ಲ. ಹೊಸಿಲ ಹೊರಗೆ ಬಂದು, ಗೋಡೆಗೆ ಮುಖ ಮಾಡಿ ಮೇಲ್ವಿಚಾರಕರಿಗೆ ಫೋನು ಮಾಡಿದಳು.

"ಸರ್, ಇಲ್ಲೊಬ್ಬರಿಗೆ ಪಾರ್ಶ್ವವಾಯು ಆಗಿದೆ. ಒತ್ತಡ ತುಂಬ ಇದೆ."

"ಆಸ್ಪತ್ರೆಗೆ ತೋರಿಸಿದ್ದಾರಾ?"

"ತೋರಿಸಿದ್ದಾರೆ ಅನ್ಸುತ್ತೆ ಸರ್."

"ಸರಿ ಮತ್ತೆ. ಇನ್ನೊಂದು ಚೀಟಿ ಕೊಡಿ. ಉತ್ತರಿಸುವ ಸ್ಥಿತಿಯಲ್ಲಿಲ್ಲ ಅಂತ ಒತ್ತಿ ಮುಂದಿನ ಮನೆಗೆ ಹೋಗಿ."

"ಸರ್, ಅದು ನನ್ನಿಂದ ಆದದ್ದು. ಮೊದಲ ಸುತ್ತಿನಲ್ಲಿ ಅವರು ಪಟ್ಟಿನೇ ಔಷಧಿ ಅಂತ ತಿಳ್ಕೊಂಡಿದ್ರು. ಮಾತ್ರೆ ಬಿಟ್ಟಿದ್ರು. ನಾನು ಸುಮ್ಮನಿದ್ದೆ."

ಬೈಗುಳ ಈಗ ಬರುತ್ತದೆ ಎಂದು ಅವಳು ಕಾದಳು. ಬರಲಿ ಎಂದೇ ಕಾದಳು. ಆದರೆ ಬಂದ ಧ್ವನಿ ಮೆತ್ತಗಿತ್ತು. "ನಿಮ್ಮಿಂದ ಏನೂ ಆಗಿಲ್ಲಮ್ಮ. ಒಪ್ಪಿಗೆ ಓದಿದ್ರಿ ತಾನೇ? ಚೀಟಿ ಕೊಟ್ಟಿದ್ರಿ ತಾನೇ? ಅಷ್ಟೇ. ಈ ಕೆಲಸದಲ್ಲಿ ಇಂಥವು ನನಗೂ ಆಗಿವೆ, ಮನಸ್ಸಿಗೆ ಹಚ್ಚಿಕೊಂಡ್ರೆ ನಡೆಯಲ್ಲ. ನಾಳೆಯಿಂದ ಸೇತುವೆ ಆಚೆಗೆ ಹೋಗ್ಬೇಕು, ಮರೀಬೇಡಿ. ಅಲ್ಲಿ ಬರೀ ಪ್ರಶ್ನೆ ಕೇಳೋದು, ಯಂತ್ರ ಇವತ್ತೇ ಆಫೀಸಿಗೆ ವಾಪಸ್ ಕೊಡಿ, ಇನ್ನೊಂದು ತಂಡದವರಿಗೆ ಬೇಕು." ಅವಳು, "ಸರಿ ಸರ್" ಎಂದಳು. ಫೋನು ಕಿವಿಯಲ್ಲೇ ಇಟ್ಟುಕೊಂಡು, ಕರೆ ಮುಗಿದ ಮೇಲೂ ಒಂದು ಸಲ, "ಸರಿ" ಎಂದಳು. ಚರಂಡಿಯ ಬದಿಯಲ್ಲಿ ಬೆಕ್ಕೊಂದು ಏನನ್ನೋ ಕೆದಕುತ್ತಿತ್ತು. ಚಿಕ್ಕವಳಿದ್ದಾಗ ಅಣ್ಣನ ಕೈಗಡಿಯಾರ ಬೀಳಿಸಿ ಗಾಜು ಒಡೆದು, ತಾನೇ ಅಂತ ಹೇಳಲು ಹೋದಾಗ ಅಮ್ಮ, "ಹೋಗ್ಲಿ ಬಿಡು, ಹಳೇದು" ಎಂದಿದ್ದಳು. ಆಮೇಲೆ ಎಷ್ಟೋ ದಿನ ಅಣ್ಣ ಮಣಿಕಟ್ಟು ತಿರುಗಿಸಿ, ಒಡೆದ ಗಾಜಿನೊಳಗೆ ಹೊತ್ತು ನೋಡುವಾಗಲೆಲ್ಲ ಅವಳು ಕೋಣೆ ಬಿಟ್ಟು ಹೋಗುತ್ತಿದ್ದಳು.

ಒಳಗೆ ಬಂದಾಗ ಹೆಂಡತಿ ಗಂಡನ ಬಾಯಂಚಿನಿಂದ ಇಳಿದ ಜೊಲ್ಲು ಒರೆಸುತ್ತಿದ್ದಳು. ಪಟ್ಟಿ ಅಕ್ಕ ಸ್ಟೂಲನ್ನು ಹತ್ತಿರ ಎಳೆದುಕೊಂಡು, ದನಿ ತಗ್ಗಿಸಿ ಹೇಳಿದಳು. "ಅಮ್ಮ, ನಿಮಗೊಂದು ಹೇಳ್ಬೇಕು. ಈ ಪಟ್ಟಿಯಿಂದ ಏನೂ ಆಗಲ್ಲ. ಇದು ಬರೀ ನೋಡೋದು. ನಾನು..."

"ಗೊತ್ತು" ಎಂದಳು ಹೆಂಡತಿ.

"ಏನು?"

"ನಂಗೆ ಆವಾಗ್ಲೇ ಗೊತ್ತಿತ್ತು ಅಕ್ಕ. ನಮ್ಮಪ್ಪಂಗೂ ಆಸ್ಪತ್ರೇಲಿ ಇದನ್ನ ಕಟ್ಟಿ ಕಟ್ಟಿ ನೋಡಿದ್ರು. ಉಳಿದ್ರಾ?"

"ಮತ್ತೆ ಅವರಿಗೆ ಯಾಕೆ ಹೇಳ್ಲಿಲ್ಲ?"

ಹೆಂಡತಿ ಒರೆಸಿದ ಬಟ್ಟೆಯನ್ನು ಮಡಚಿ ಮಂಚದ ತುದಿಗೆ ಇಟ್ಟಳು. "ಎಷ್ಟು ಖುಷಿಯಾಗಿದ್ರು ಅಂತ ನೀವೂ ನೋಡಿದ್ರಲ್ಲ. ಮದುವೆಯಾದಾಗಿಂದ ಅವರು ಒಂದು ಪೂರಾ ರಾತ್ರಿ ನಿದ್ದೆ ಮಾಡಿದ್ದು ನೀವು ಕಟ್ಟೋಕೆ ಶುರು ಮಾಡಿದ ಮೇಲೇ. ಇವತ್ತು ಹೇಳೋಣ, ನಾಳೆ ಹೇಳೋಣ ಅಂತ ಬಿಟ್ಟೆ." ಆಮೇಲೆ ಅವಳ ಮುಖವನ್ನೇ ನೋಡುತ್ತ ಕೇಳಿದಳು, "ನೀವ್ಯಾಕೆ ಹೇಳ್ಲಿಲ್ಲ?"

ಆ ಪ್ರಶ್ನೆಯಲ್ಲಿ ಕೊಂಕಿರಲಿಲ್ಲ. ತಿರುವಿ ಮುರುವಿ ನೋಡಲು ಏನೂ ಇಲ್ಲದ ಪ್ರಶ್ನೆ ಅದು. ಹೆಂಡತಿಗೆ ನಿಜವಾಗಿಯೂ ತಿಳಿದುಕೊಳ್ಳಬೇಕಿತ್ತು. ಊರೂರು ತಿರುಗಿ ಸಾವಿರ ಜನರನ್ನು ಸಾವಿರ ಪ್ರಶ್ನೆ ಕೇಳಿದ್ದವಳು, ಪ್ರಶ್ನೆಗೆ ಗುರಿಯಾಗುವುದು ಹೇಗಿರುತ್ತದೆಂದು ಈಗ ಮೊದಲ ಸಲ ಅರಿತಂತೆ ನೆಲ ನೋಡುತ್ತ ಕೂತಳು. ಬಾಗಿಲುಗಳು ತೆರೆಯುತ್ತಿದ್ದವು ಎನ್ನಬೇಕೇ? ನಮ್ಮಣ್ಣ ಪರವಾಗಿಲ್ವೇ ಎಂದ ಎನ್ನಬೇಕೇ? ಹೆಂಡತಿ ಅದನ್ನು ಅಲ್ಲಿಗೇ ಬಿಟ್ಟಳು.

"ಈಗ ಅದಲ್ಲ ಅಕ್ಕ ಕಷ್ಟ. ಆಸ್ಪತ್ರೆಯೋರು ಮಾತ್ರೆ ಕೊಟ್ಟಿದ್ದಾರೆ. ಇವರು ನುಂಗಲ್ಲ. ಬಾಯಿಗೆ ಹಾಕಿದ್ರೆ ಉಗೀತಾರೆ. ಕೈ ಹೀಗೆ ಚಾಚ್ತಾರೆ, ನೀವು ಬಂದು ಕಟ್ಟಬೇಕು ಅಂತ. ನಾನೂ ಒಂದು ಹಳೇ ಬಟ್ಟೆ ಕಟ್ಟಿ ನೋಡ್ದೆ, ಕಿತ್ತು ಬಿಸಾಕಿದ್ರು. ಆಸ್ಪತ್ರೆಯಲ್ಲಿ ಸಿಸ್ಟರ್ ಇಂಥದ್ದೇ ಮಷೀನು ತಂದ್ರು, ಅವರಿಗೆ ಕೈನೇ ಕೊಡ್ಲಿಲ್ಲ. ನೀವೇ ಹೇಳಿ. ನೀವು ಹೇಳಿದ್ರೆ ಕೇಳ್ತಾರೆ."

ಅವಳು ಮಂಚದ ಮೇಲೆ ಬಾಗಿದಳು. ಇಷ್ಟು ದಿನ ಯಾರಿಗೆ ಹೇಳಬೇಕಿತ್ತೋ ಅವನಿಗೆ, ಅವನ ಮುಖದೆದುರು, ಒಂದೊಂದೇ ಮಾತನ್ನು ಬಿಡಿಸಿ ಬಿಡಿಸಿ ಹೇಳಿದಳು. ಅಣ್ಣ, ಇದು ಬರೀ ನೋಡೋ ಯಂತ್ರ. ಇದು ನಿಮ್ಮನ್ನ ವಾಸಿ ಮಾಡ್ಲಿಲ್ಲ. ನಾನು ನಿಮಗೆ ಆಗ್ಲೇ ಹೇಳಬೇಕಿತ್ತು, ಹೇಳ್ಲಿಲ್ಲ, ತಪ್ಪಾಯ್ತು. ಮಾತ್ರೆಯಿಂದ ಮಾತ್ರ ಇಳಿಯೋದು. ಮಾತ್ರೆ ತಗೊಳ್ಳಿ ಅಣ್ಣ. ಅವನು ಅವಳ ತುಟಿಗಳನ್ನೇ ನೋಡುತ್ತಿದ್ದ. ಅರ್ಥವಾಗುತ್ತಿದೆಯೋ ಇಲ್ಲವೋ ತಿಳಿಯುವಂತಿರಲಿಲ್ಲ. ಅವಳ ಮಾತು ಮುಗಿದಾಗ ಅವನ ಸರಿಯಿದ್ದ ಕಣ್ಣಿನಲ್ಲಿ ನೀರು ತುಂಬಿತು. ಅರ್ಥವಾಯಿತು ಎಂದುಕೊಂಡಳು. ಹೆಂಡತಿ ಮಾತ್ರೆ ತಂದು ತುಟಿಗೆ ಹಿಡಿದಳು. ಅವನು ಹಲ್ಲು ಕಚ್ಚಿ ಮುಖ ತಿರುಗಿಸಿದ. ಎಡಗೈ ಎದ್ದು, ಅವಳ ತೊಡೆಯ ಮೇಲಿದ್ದ ಯಂತ್ರವನ್ನು ತಡಕಿ ಮುಟ್ಟಿ, ಮತ್ತೆ ಅವಳೆದುರು ಚಾಚಿಕೊಂಡಿತು. ಅಂಗೈ ಮೇಲಾಗಿ.

ಹೊರಗೆ ಓಣಿಯಿಂದ ರೇಡಿಯೋ ಅಜ್ಜಿಯ ನಗು ಕೇಳಿಸಿತು. ಅವಳು ಹೆಂಡತಿಯನ್ನು ನೋಡಿದಳು. ಹೆಂಡತಿ ಒಂದು ಸಲ ತಲೆಯಾಡಿಸಿದಳು, ಅಷ್ಟೇ.

ಪಟ್ಟಿ ಕಟ್ಟಿದಳು. ಗುಂಡಿ ಒತ್ತಿದಳು. ಗಾಳಿ ತುಂಬತೊಡಗಿತು, ಪಟ್ಟಿ ಉಬ್ಬಿತು, ಅವನ ಹುಬ್ಬಿನ ನಡುವಿನ ಗಂಟು ಕರಗಿತು, ಬಿಗಿದಿದ್ದ ದವಡೆ ಸಡಿಲಾಯಿತು. ಹೆಂಡತಿ ತುಟಿಯ ಸಂದಿನಲ್ಲಿ ಮಾತ್ರೆ ಇಟ್ಟು ಚಮಚದಿಂದ ನೀರು ಬಿಟ್ಟಳು. ಗಂಟಲು ಒಂದು ಸಲ ಏರಿ ಇಳಿಯಿತು. ಇನ್ನೊಂದು ಸಲ. ಹೆಂಡತಿ ಬೆರಳು ಹಾಕಿ ಕೆನ್ನೆಯ ಒಳಗೆ ತಡವಿ ನೋಡಿದಳು. "ಹೋಯ್ತು" ಎಂದಳು. ಅವಳ ಮುಖ ಒಂದು ಗಳಿಗೆ ಹುಡುಗಿಯದಾಯಿತು. "ಹೋಯ್ತು ಅಕ್ಕ, ನುಂಗಿದ್ರು! ನಾಳೆ ಎಷ್ಟೊತ್ತಿಗೆ ಬರ್ತೀರಿ?"

ನಾಳೆ ಸೇತುವೆ ಆಚೆ. ಅಲ್ಲಿಂದ ಇಲ್ಲಿಗೆ ಎರಡು ಬಸ್ಸು ಬದಲಿಸಬೇಕು. ಯಂತ್ರ ಸಂಜೆಗೆ ಆಫೀಸಿನ ಕಪಾಟಿನಲ್ಲಿರುತ್ತದೆ. ಹೊಸದೊಂದನ್ನು ಕೊಂಡರೂ ನಾಳೆ ಬರಬೇಕು, ನಾಡಿದ್ದು ಬರಬೇಕು, ಅವನು ಉಸಿರಾಡುವಷ್ಟು ದಿನವೂ ಬರಬೇಕು, ಒಂದು ದಿನ ತಪ್ಪಿದರೆ ಓಣಿಯವರು ಹೇಳಿದ ತಪ್ಪೂ ನಿಜವಾಗುತ್ತದೆ. ಹೇಳಬೇಕೆಂದು ಬಾಯಿ ತೆರೆದಳು. ಅವನು ಕಣ್ಣು ಬಿಟ್ಟು ಅವಳನ್ನೇ ನೋಡುತ್ತಿದ್ದ.

"ಬೆಳಿಗ್ಗೆ" ಎಂದಳು.

ಹೆಂಡತಿ ಅವಳ ಮುಖದಲ್ಲಿ ಏನನ್ನೋ ಹುಡುಕಿದಳು. ಸಿಕ್ಕಿತೋ ಇಲ್ಲವೋ, ಗಂಡನ ಕಡೆ ತಿರುಗಿ, ಕಿವುಡರಿಗೆ ಹೇಳುವ ಹಾಗೆ ಗಟ್ಟಿಯಾಗಿ, "ಕೇಳಿಸ್ತಾ? ಬೆಳಿಗ್ಗೇನೇ ಬರ್ತಾರಂತೆ" ಎಂದಳು. ಅವಳು ಪಟ್ಟಿ ಬಿಚ್ಚಿ ಸುತ್ತಿ ಚೀಲಕ್ಕೆ ಹಾಕಿಕೊಂಡಳು. ಜಿಪ್ಪು ಅರ್ಧಕ್ಕೇ ನಿಂತಿತು. ಮೇಲಕ್ಕೆ ಮಡಚಿದ್ದ ಗಂಡನ ಅಂಗಿಯ ತೋಳನ್ನು ಕೆಳಗಿಳಿಸಲು ಹೆಂಡತಿ ಕೈ ಹಾಕಿದಳು. ಅವನು ಬೇಡವೆಂದು ತಲೆಯಲ್ಲಾಡಿಸಿ, ಬರಿ ತೋಳನ್ನು ಹಾಗೇ ಹೊದಿಕೆಯ ಮೇಲೆ ಇಟ್ಟುಕೊಂಡ.